ಕಾಡಂಚಿನ ವಿಹಾರಧಾಮ: ಕಟ್ಟುವುದೆಷ್ಟು, ಬಿಡುವುದೆಷ್ಟು?

(ನಮ್ಮ ಸಂಘದ ಉಪನ್ಯಾಸಮಾಲೆಯಲ್ಲಿ ಪುಣೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ಈ ವೇದಿಕೆಯಿಂದ ಸಾಮಾನ್ಯವಾಗಿ ಭಾಷೆ, ಗಡಿ, ನದಿನೀರಿನ ಹಂಚಿಕೆ, ಸಾಹಿತ್ಯ ಮುಂತಾದ ವಿಷಯಗಳ ಬಗ್ಗೆ ಮಾತು ನಡೆಯುವುದು ವಾಡಿಕೆ. ಇಂದು ನಾನು ಆರಿಸಿಕೊಂಡಿರುವ ವಿಷಯ ಮೇಲುನೋಟಕ್ಕೆ ಅವುಗಳಿಂದ ದೂರವಾದದ್ದು. ಕಾಡಿನ ಅಂಚಿನಲ್ಲಿ ಪ್ರವಾಸಿಗರಿಗಾಗಿ ಕಟ್ಟುವ ವಿಹಾರಧಾಮಗಳು ವನ್ಯಜೀವಿಗಳಿಗೂ ಜೀವವೈವಿಧ್ಯಕ್ಕೂ ಪೋಷಕವಾಗಿರುವಂತೆ ರೂಪಿಸಲು ಸಾಧ್ಯವೇ, ಸಾಧ್ಯವಾದರೆ ಹೇಗೆ ಎಂಬುದು ವಿಷಯ. ನಾನು ಕೇಂದ್ರ ಸರ್ಕಾರದ ಸೇವೆಯಲ್ಲಿರುವವನಾದ್ದರಿಂದ, ಇಲ್ಲಿ ಆಡುವ ಮಾತುಗಳು ನನ್ನ ಸ್ವಂತದವು, ಯಾವ ಇಲಾಖೆಯದೂ ಅಲ್ಲ ಎಂದು ಮೊದಲಿಗೇ ಅರಿಕೆ ಮಾಡಿಕೊಳ್ಳುತ್ತೇನೆ.

ಪುಣೆಯ ಕನ್ನಡಿಗರಿಗೆ ಈ ವಿಷಯ ಏತಕ್ಕೆ ಎಂದು ತಾವು ಕೇಳಬಹುದು. ಉತ್ತರ ಸರಳವಾಗಿದೆ. ಹೊರನಾಡಿನಲ್ಲಿ ಮೂವತ್ತು ವರ್ಷ ದುಡಿದ ನಮ್ಮಂಥವರಿಗೆ ತಾಯ್ನಾಡಿನಲ್ಲಿ ಒಂದು ತುಂಡು ನೆಲ ಬೇಕೆನಿಸುತ್ತದೆ. ಅದು ತಪ್ಪಲ್ಲ. ಹಿಂದೆ ಅದು ಮೈಸೂರಿನಲ್ಲೋ ಧಾರವಾಡದಲ್ಲೋ ಒಂದು ನಿವೇಶನವಾಗಿರುತ್ತಿತ್ತು. ಈಗ ಅದು ಸಕಲೇಶಪುರದ ಇಳಿಜಾರಿನಲ್ಲಿ ಕಾಲೆಕರೆ ಕಾಫಿ ತೋಟ, ಮಡಿಕೇರಿಯ ಬಳಿ ಬೆಟ್ಟದ ಮನೆ, ಗುಂಡ್ಲುಪೇಟೆಯ ಆಚೆ ಕಾಡು ಕಾಣುವ ಕಾಟೇಜು ಆಗಿದೆ. ಕರ್ನಾಟಕದ ಭೂಸುಧಾರಣಾ ಕಾಯಿದೆಗೆ 2020ರಲ್ಲಿ ತಿದ್ದುಪಡಿಯಾಗಿ, ಕೃಷಿಕರಲ್ಲದವರು ಮತ್ತು ಹೆಚ್ಚು ವರಮಾನವುಳ್ಳವರು ಕೃಷಿಭೂಮಿ ಕೊಳ್ಳುವುದರ ಮೇಲಿದ್ದ ನಿರ್ಬಂಧಗಳು ಸಡಿಲಗೊಂಡವು. ಅಂದಿನಿಂದ ಈ ಬಯಕೆಗೆ ಕಾನೂನಿನ ಹಾದಿಯೂ ತೆರೆಯಿತು. ಕೊಳ್ಳದವರು ರಜೆಗೆ ಹೋಗಿ ತಂಗುತ್ತಾರೆ. ಆದ್ದರಿಂದ ಕಾಡಂಚಿನ ಕಟ್ಟಡದ ನಕ್ಷೆಯನ್ನು ಬರೆಯುವವನು ವಾಸ್ತುಶಿಲ್ಪಿಯಾದರೂ, ಅದನ್ನು ಬರೆಸುವವರು ನಾವು. ನಮ್ಮ ಊರಿನ ಹಂಬಲವು ಊರಿನ ಆನೆಗೆ ಅಡ್ಡಗೋಡೆಯಾಗಬಾರದು ಎಂಬುದೇ ನನ್ನ ಇಂದಿನ ಮಾತಿನ ಸಾರ.

'ಪರಿಸರಸ್ನೇಹಿ' ಎಂಬ ಪದ ಈಚಿನ ದಶಕಗಳಲ್ಲಿ ಬಹಳ ಸವೆದಿದೆ. ಮಣ್ಣಿನ ಗೋಡೆ, ಹುಲ್ಲಿನ ಸೂರು, ಬಿದಿರಿನ ಕುರ್ಚಿ, ಸೌರಫಲಕ, ಊಟದ ಮನೆಯಲ್ಲಿ ಬಾಳೆಯೆಲೆ ಇಷ್ಟಿದ್ದರೆ ಜಾಹೀರಾತಿನಲ್ಲಿ ಆ ಪದವನ್ನು ಅಚ್ಚು ಹಾಕಿಸಬಹುದಾಗಿದೆ. ಇವೆಲ್ಲ ಒಳ್ಳೆಯವೇ. ಆದರೆ ಆನೆ ನಡೆದುಹೋಗುವ ದಾರಿಗೆ ಅಡ್ಡವಾಗಿ ನಿಂತ ಗೋಡೆ ಮಣ್ಣಿನದಾದರೇನು, ಸಿಮೆಂಟಿನದಾದರೇನು? ಎಲ್ಲಿ ಕಟ್ಟುತ್ತೇವೆ ಎಂಬ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟ ಮೇಲೆ ಹೇಗೆ ಕಟ್ಟುತ್ತೇವೆ ಎಂಬುದಕ್ಕೆ ಎಷ್ಟು ಸೊಗಸಾದ ಉತ್ತರ ಕೊಟ್ಟರೂ ಪ್ರಯೋಜನವಿಲ್ಲ.

ಸ್ಥಳದ ಆಯ್ಕೆಯಲ್ಲಿ ಆಗುವ ದೊಡ್ಡ ತಪ್ಪುಗಳು ಕಣ್ಣಿಗೆ ಬೀಳುತ್ತವೆ. ನಮ್ಮ ನಗರದ ಮಗ್ಗುಲಲ್ಲೇ, ಮುಳ್ಶಿಯ ಬೆಟ್ಟಗಳ ನಡುವೆ, ವರಸಗಾಂವ್ ಜಲಾಶಯದ ದಂಡೆಯ ಮೇಲೆ ಎದ್ದ ಲವಾಸಾ ನಗರವನ್ನು ಬಹುಮಂದಿ ಕಂಡಿದ್ದೀರಿ. 2010ರಲ್ಲಿ ಕೇಂದ್ರದ ಪರಿಸರ ಸಚಿವಾಲಯ ಅದರ ಕಾಮಗಾರಿಯನ್ನು ತಡೆಯಿತು; 2018ರಲ್ಲಿ ಅದು ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಅಷ್ಟು ದೊಡ್ಡ ಯೋಜನೆಯ ಬಗ್ಗೆ ಪತ್ರಿಕೆಗಳು ಬರೆಯುತ್ತವೆ, ನ್ಯಾಯಾಲಯಗಳು ಕೇಳುತ್ತವೆ. ಆದರೆ ಹದಿನೈದು ಇಪ್ಪತ್ತು ಕೋಣೆಗಳ ಸಣ್ಣ ವಿಹಾರಧಾಮ ಯಾರ ಕಣ್ಣಿಗೂ ಬೀಳುವುದಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಕಟ್ಟಡ ಯೋಜನೆಗಳಿಗೆ ಪರಿಸರ ಅನುಮತಿ ಬೇಕಾಗುವುದು ಸಾಮಾನ್ಯವಾಗಿ 20,000 ಚದರ ಮೀಟರು ನಿರ್ಮಾಣದಿಂದ ಮೇಲೆ. ಇಪ್ಪತ್ತು ಕೋಣೆಗಳ ವಿಹಾರಧಾಮ ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಕಡತಗಳನ್ನು ಓದುವುದೇ ವೃತ್ತಿಯಾಗಿರುವ ನನಗೆ ಒಂದು ಮಾತು ಸ್ಪಷ್ಟವಾಗಿದೆ: ಪ್ರತಿಯೊಂದು ಕಡತವೂ ತನ್ನಷ್ಟಕ್ಕೆ ತಾನು ಸರಿಯಾಗಿರುತ್ತದೆ. ಪಕ್ಕದ ಸರ್ವೆ ನಂಬರಿನಲ್ಲಿ ಏನಿದೆ, ಅದರ ಪಕ್ಕದಲ್ಲಿ ಏನು ಬರಲಿದೆ ಎಂದು ಬರೆಯಲು ಅದರಲ್ಲಿ ಅಂಕಣವೇ ಇರುವುದಿಲ್ಲ.

ಈ ಮಾತಿಗೆ ಸೀಗೂರಿಗಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಮೈಸೂರಿನಿಂದ ಬಂಡೀಪುರ, ಮಸಿನಗುಡಿಗಳ ಮೂಲಕ ಕಲ್ಲಟ್ಟಿಯ ತಿರುವುಗಳನ್ನು ಹತ್ತಿ ಊಟಿಗೆ ಹೋದವರೆಲ್ಲ ಈ ಸೀಮೆಯನ್ನು ಹಾದಿದ್ದೀರಿ. ಆಡಳಿತದಲ್ಲಿ ಅದು ತಮಿಳುನಾಡಿನ ನೀಲಗಿರಿ ಜಿಲ್ಲೆ. ಆನೆಯ ಲೆಕ್ಕದಲ್ಲಿ ಬಂಡೀಪುರದ ಮುಂದುವರಿಕೆ. ದಕ್ಷಿಣಕ್ಕೆ ನೀಲಗಿರಿಯ ಕಡಿದಾದ ಗೋಡೆ, ಉತ್ತರಕ್ಕೆ ಮೋಯಾರ್ ನದಿಯ ಆಳವಾದ ಕಣಿವೆ. ಆನೆ ಆ ಗೋಡೆಯನ್ನು ಹತ್ತಲಾರದು, ಈ ಕಣಿವೆಗೆ ಇಳಿಯಲಾರದು. ಎರಡರ ನಡುವಿನ ಕಿರಿದಾದ ಪ್ರಸ್ಥಭೂಮಿಯೇ ಪಶ್ಚಿಮಘಟ್ಟದ ಕಾಡುಗಳಿಂದ ಸತ್ಯಮಂಗಲದ ಕಡೆಗೆ, ಪೂರ್ವಘಟ್ಟದ ಕಡೆಗೆ ಸಾಗುವ ಹಿಂಡುಗಳಿಗೆ ದಾರಿ. ಮಳೆಯ ಮರೆಯ ಪ್ರದೇಶ, ಕುರುಚಲು ಕಾಡು, ನೀರು ಇರುವುದು ಕೆಲವೇ ಹಳ್ಳಗಳಲ್ಲಿ.

ಆ ಹಳ್ಳಗಳ ಬದಿಯ ಪಟ್ಟಾ ಜಮೀನುಗಳಲ್ಲಿ ವಿಹಾರಧಾಮಗಳು ಒಂದೊಂದಾಗಿ ಎದ್ದವು. ಯಾವುದೂ ಬಹುಮಹಡಿಯದಲ್ಲ, ಅನೇಕವು ನೋಡಲು ಸುಂದರವಾಗಿದ್ದವು. ಆದರೆ ಪ್ರತಿಯೊಂದೂ ತನ್ನ ಸುತ್ತ ವಿದ್ಯುತ್ ಬೇಲಿ ಹಾಕಿಕೊಂಡಿತು. ಬೇಲಿಗೆ ಬೇಲಿ ಸೇರಿದಾಗ ದಾರಿ ಸಂದಿಯಾಯಿತು, ಸಂದಿ ಅಲ್ಲಲ್ಲಿ ಮುಚ್ಚಿಹೋಯಿತು. 2010ರಲ್ಲಿ ತಮಿಳುನಾಡು ಸರ್ಕಾರ ಅಲ್ಲಿ ಆನೆ ಪಥವನ್ನು ಅಧಿಸೂಚಿಸಿತು. 2011ರಲ್ಲಿ ಮದರಾಸು ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದು ಜಾಗ ತೆರವು ಮಾಡುವಂತೆ ಹೇಳಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಹಲವು ಕಟ್ಟಡಗಳಿಗೆ ಬೀಗಮುದ್ರೆ ಬಿತ್ತು. 2020ರ ಅಕ್ಟೋಬರ್ 14ರಂದು ಅದೇ ನ್ಯಾಯಾಲಯ ಅಂತಿಮವಾಗಿ ಆನೆ ಪಥವನ್ನು ಮಾನ್ಯಮಾಡಿ, ಮಾಲೀಕರ ಆಕ್ಷೇಪಗಳನ್ನು ವಿಚಾರಿಸಲು ನಿವೃತ್ತ ನ್ಯಾಯಮೂರ್ತಿಗಳ ನೇತೃತ್ವದ ಸಮಿತಿಯನ್ನು ನೇಮಿಸಿತು. ಮರುವರ್ಷ ಜನವರಿಯಲ್ಲಿ ಮಸಿನಗುಡಿಯ ಬಳಿ, ತಂಗುದಾಣವೊಂದರ ಹತ್ತಿರ ಬಂದ ಆನೆಯ ಮೇಲೆ ಉರಿಯುವ ವಸ್ತುವನ್ನು ಎಸೆದ ದೃಶ್ಯವನ್ನು ದೇಶವೆಲ್ಲ ನೋಡಿತು. ಕಿವಿ ಸುಟ್ಟ ಆ ಆನೆ ಬದುಕಲಿಲ್ಲ.

ಈ ಪ್ರಕರಣದಲ್ಲಿ ದುಷ್ಟರನ್ನು ಹುಡುಕುವುದು ಸುಲಭ. ಆದರೆ ಅಲ್ಲಿ ಹಣ ಹೂಡಿದವರಲ್ಲಿ ಬಹುಮಂದಿ ಕಾಡನ್ನು ಪ್ರೀತಿಸಿಯೇ ಬಂದವರು ಎಂದು ನಾನು ನಂಬುತ್ತೇನೆ. ಪ್ರೀತಿ ಅವರನ್ನು ದಾರಿಯ ನಡುಮಧ್ಯಕ್ಕೆ ಕರೆತಂದಿತು. ಆನೆಯ ದಾರಿ ನಮ್ಮ ರಸ್ತೆಯಂತೆ ಕಲ್ಲುಹಾಸಿದ್ದಲ್ಲ. ಬೇಸಿಗೆಯಲ್ಲಿ ಭೂಮಿ ನೋಡಲು ಹೋದವನಿಗೆ ಅದು ಖಾಲಿ ಬಯಲಾಗಿ ಕಾಣುತ್ತದೆ. ಆ ಖಾಲಿತನಕ್ಕೆ ಒಂದು ಉಪಯೋಗವಿದೆ ಎಂದು ಹೇಳುವವರು ಅಲ್ಲಿನ ದನಗಾಹಿಗಳು, ಇರುಳರು, ಕುರುಬರು. ಅವರನ್ನು ಕೇಳುವ ಪದ್ಧತಿ ಯಾವ ಕ್ರಯಪತ್ರದಲ್ಲೂ ಇಲ್ಲ.

ಇದಕ್ಕೆ ಪ್ರತಿಯಾಗಿ ನಮ್ಮ ರಾಜ್ಯದ್ದೇ ಒಂದು ಹಳೆಯ ಪ್ರಯೋಗವನ್ನು ನೋಡಬಹುದು. 1980ರಲ್ಲಿ ಕರ್ನಾಟಕ ಸರ್ಕಾರ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯನ್ನು ಸ್ಥಾಪಿಸಿತು. ಕಾರಾಪುರದಲ್ಲಿ, ಕಬಿನಿಯ ಹಿನ್ನೀರಿನ ದಂಡೆಯಲ್ಲಿ, ಅದರ ಮೊದಲ ವಿಹಾರಧಾಮ ಬಂತು. ಹಿಂದೆ ಬೇಟೆಗಾರರಾಗಿದ್ದ ಕರ್ನಲ್ ಜಾನ್ ವೇಕ್‌ಫೀಲ್ಡ್ 2010ರಲ್ಲಿ ತೀರಿಕೊಳ್ಳುವವರೆಗೆ ಅದರ ಹಿರಿಯರಾಗಿ ಅಲ್ಲೇ ನೆಲೆಸಿದ್ದರು. ಆ ಯೋಜನೆಯಲ್ಲಿ ಮೂರು ಸಂಗತಿಗಳು ಗಮನಾರ್ಹ. ಒಂದು, ಅದು ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಎಲ್ಲೆಯ ಹೊರಗಿತ್ತು. ಎರಡು, ಮೈಸೂರು ಅರಸರ ಕಾಲದ ಬೇಟೆಯ ಬಂಗಲೆಗಳನ್ನೇ ಅದು ಬಳಸಿಕೊಂಡಿತು. ಮೂರು, ಅತಿಥಿಗಳು ತಮ್ಮ ವಾಹನಗಳಲ್ಲಿ ಮನಬಂದಂತೆ ಸುತ್ತದೆ, ಸಂಸ್ಥೆಯ ಜೀಪು ದೋಣಿಗಳಲ್ಲಿ ಗೊತ್ತಾದ ಹೊತ್ತಿಗೆ, ತಿಳಿದ ಮಾರ್ಗದರ್ಶಕನೊಡನೆ ಹೋಗಿಬರಬೇಕಾಗಿತ್ತು. ಬೇಸಿಗೆಯಲ್ಲಿ ಜಲಾಶಯದ ನೀರು ಇಳಿದು ಬಯಲಾದ ನೆಲದಲ್ಲಿ ಹುಲ್ಲು ಚಿಗುರಿದಾಗ ನೂರಾರು ಆನೆಗಳು ಅಲ್ಲಿ ಸೇರುವ ನೋಟವನ್ನು ಸಾವಿರಾರು ಜನ ಕಂಡದ್ದು ಈ ವ್ಯವಸ್ಥೆಯಿಂದ.

ಇದೇ ನಾಗರಹೊಳೆಯಲ್ಲಿ ವಿರುದ್ಧ ದಿಕ್ಕಿನ ಪ್ರಯತ್ನವೂ ನಡೆಯಿತು. ಉದ್ಯಾನದ ಒಳಗೆ, ಮೂರ್ಕಲ್ಲಿನಲ್ಲಿ, ಒಂದು ದೊಡ್ಡ ಹೋಟೆಲು ಸಮೂಹಕ್ಕೆ ವಿಹಾರಧಾಮ ನಡೆಸಲು ಗುತ್ತಿಗೆ ಕೊಡಲಾಯಿತು. ಅಲ್ಲಿನ ಆದಿವಾಸಿಗಳು 1996ರಲ್ಲಿ ಚಳವಳಿ ಹೂಡಿದರು, ನ್ಯಾಯಾಲಯಕ್ಕೂ ಹೋದರು. ಕೇಂದ್ರದ ಪೂರ್ವಾನುಮತಿಯಿಲ್ಲದೆ ಅರಣ್ಯಭೂಮಿಯನ್ನು ಹೀಗೆ ಕೊಟ್ಟದ್ದು 1980ರ ಅರಣ್ಯ ಸಂರಕ್ಷಣಾ ಕಾಯಿದೆಗೆ ವಿರುದ್ಧವೆಂದು 1997ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ತೀರ್ಪು ನೀಡಿತು. ಕಾಡಿನಲ್ಲಿ ತಮ್ಮ ಗುಡಿಸಲಿಗೆ ಜಾಗವಿಲ್ಲವೆಂದು ಕೇಳಿಸಿಕೊಂಡವರು, ಅದೇ ಕಾಡಿನಲ್ಲಿ ಹೋಟೆಲಿಗೆ ಜಾಗವಿದೆಯೇ ಎಂದು ಕೇಳಿದ ಪ್ರಶ್ನೆ ಅದು. ಮುಂದೆ 2012ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಗಳು ಬಂದು, ಹುಲಿ ಅಭಯಾರಣ್ಯದ ಕೇಂದ್ರ ಪ್ರದೇಶದಲ್ಲಿ ಹೊಸ ಪ್ರವಾಸಿ ಸೌಕರ್ಯಗಳನ್ನು ಕಟ್ಟಕೂಡದೆಂದೂ, ಆ ಪ್ರದೇಶದ ಶೇಕಡಾ 20ಕ್ಕಿಂತ ಹೆಚ್ಚು ಭಾಗವನ್ನು ಪ್ರವಾಸಕ್ಕೆ ತೆರೆಯಕೂಡದೆಂದೂ ಗೊತ್ತಾಯಿತು.

ಆದರೆ ಕೇಂದ್ರ ಪ್ರದೇಶದ ಒಳಗೆ ಬಾಗಿಲು ಮುಚ್ಚಿದರೆ ಒತ್ತಡವೆಲ್ಲ ಅಂಚಿಗೆ ಬರುತ್ತದೆ. ಕಬಿನಿಯ ಯಶಸ್ಸೇ ಕಬಿನಿಗೆ ಹೊರೆಯಾಗಿದೆ. ಒಂದು ಚೆನ್ನಾಗಿ ನಡೆದದ್ದನ್ನು ಕಂಡು ಹತ್ತು ಬಂದವು. ಮೊದಲಿನದರ ಸಂಯಮ ಎಲ್ಲವಕ್ಕೂ ಬರಲಿಲ್ಲ. ಒಂದು ವಿಹಾರಧಾಮದ ವಿನ್ಯಾಸ ಎಷ್ಟೇ ಒಳ್ಳೆಯದಿರಲಿ, ಸುತ್ತಲಿನ ಸೀಮೆಗೆ ಒಟ್ಟು ಎಷ್ಟು ಎಂಬ ಲೆಕ್ಕವಿಲ್ಲದಿದ್ದರೆ ಅದು ನಿಲ್ಲದು ಎಂಬುದು ಇದರಿಂದ ಕಲಿಯಬೇಕಾದ ಪಾಠ.

ಇನ್ನು ಸ್ಥಳ ಸರಿಯಾಗಿದೆ ಎಂದಿಟ್ಟುಕೊಳ್ಳೋಣ. ಆನೆ ಪಥದಲ್ಲಿಲ್ಲ, ಹಳ್ಳದ ದಂಡೆಯ ಮೇಲಿಲ್ಲ, ಹಿಂದೆಯೇ ಬೇಸಾಯವಾಗಿ ಬಡಕಲಾದ ನೆಲ, ಹಳ್ಳಿಗೆ ಹೊಂದಿಕೊಂಡಿದೆ. ಹತ್ತು ಎಕರೆ ಇದೆ. ಅಲ್ಲಿ ಜೀವವೈವಿಧ್ಯಕ್ಕೆ ಪೋಷಕವಾಗುವಂತೆ ಕಟ್ಟುವುದು ಹೇಗೆ?

ಮೊದಲನೆಯದು, ಕಟ್ಟಡಗಳನ್ನು ಹರಡದೆ ಒಂದೆಡೆ ಒತ್ತಾಗಿ ಇಡುವುದು. ಪ್ರತಿ ಕುಟೀರಕ್ಕೂ ಏಕಾಂತ ಬೇಕೆಂದು ಹತ್ತು ಎಕರೆಯ ಮೂಲೆಮೂಲೆಗೆ ಒಂದೊಂದನ್ನು ಇಟ್ಟರೆ, ಪ್ರತಿಯೊಂದಕ್ಕೂ ದಾರಿ, ದೀಪ, ಕೊಳವೆ ಬೇಕಾಗುತ್ತದೆ; ಕೊನೆಗೆ ಇಡೀ ಹತ್ತು ಎಕರೆ ಮನುಷ್ಯರದಾಗುತ್ತದೆ. ಎಲ್ಲವನ್ನೂ ಹಳ್ಳಿಯ ಮಗ್ಗುಲಿನ ಒಂದೂವರೆ ಎಕರೆಯಲ್ಲಿ ಕೂಡಿಸಿ, ಕಾಡಿನ ಮಗ್ಗುಲಿನ ಎಂಟೂವರೆ ಎಕರೆಯನ್ನು ಕೈಬಿಡಬೇಕು. ನಮ್ಮ ಹಳೆಯ ಊರುಗಳು ಹೀಗೇ ಇದ್ದವು. ಮನೆಗಳು ಒತ್ತಾಗಿ, ಆಮೇಲೆ ಹಿತ್ತಿಲು, ಹೊಲ, ಗೋಮಾಳ, ಕೊನೆಗೆ ಕಾಡು.

ಎರಡನೆಯದು ಬೇಲಿ. ಗಡಿಯುದ್ದಕ್ಕೂ ಬೇಲಿ ಹಾಕುವುದು ಸರ್ವೇಸಾಮಾನ್ಯ. ಬೇಲಿ ಬೇಕಾದದ್ದು ಮನುಷ್ಯ ಮಲಗುವ ಜಾಗಕ್ಕೆ, ಅಡುಗೆಮನೆಗೆ, ಉಗ್ರಾಣಕ್ಕೆ. ಅಷ್ಟಕ್ಕೆ ಮಾತ್ರ ಹಾಕಿ ಉಳಿದ ನೆಲವನ್ನು ತೆರೆದಿಟ್ಟರೆ ಕಡವೆ, ಕಾಡೆಮ್ಮೆ, ಆನೆಗಳಿಗೆ ಅದು ದಾಟುವ ನೆಲವಾಗಿಯೇ ಉಳಿಯುತ್ತದೆ. ದಂತಕ್ಕೆ ವಿದ್ಯುತ್ ತಗಲುವುದಿಲ್ಲವೆಂದು ಕಲಿತ ಆನೆಗಳು ತಂತಿಯನ್ನು ದಂತದಿಂದಲೇ ಕಿತ್ತು ದಾಟುತ್ತವೆ. ಮರವನ್ನು ಬೇಲಿಯ ಮೇಲೆ ಕೆಡವುತ್ತವೆ. ದಾರಿ ಬಿಡದ ಬೇಲಿ ಆನೆಯನ್ನು ನಿಲ್ಲಿಸುವುದಕ್ಕಿಂತ ಹೆಚ್ಚಾಗಿ ಪಕ್ಕದ ಬಡ ರೈತನ ರಾಗಿ ಹೊಲಕ್ಕೆ ತಿರುಗಿಸುತ್ತದೆ. ಅತಿಥಿ ನೆಮ್ಮದಿಯಾಗಿ ಮಲಗಿದ ರಾತ್ರಿಯ ನಷ್ಟವನ್ನು ಆ ರೈತ ಭರಿಸುತ್ತಾನೆ.

ಮೂರನೆಯದು ನೀರು. ಕೊಳವೆಬಾವಿಯಿಂದ ಎತ್ತಿದ ನೀರು ಈಜುಕೊಳಕ್ಕೂ ಹುಲ್ಲುಹಾಸಿಗೂ ಹೋದರೆ ಹಳ್ಳದ ಬುಗ್ಗೆ ಬತ್ತುತ್ತದೆ. ಮಾರ್ಚ್ ತಿಂಗಳಲ್ಲಿ ಸುತ್ತಲೆಲ್ಲ ಒಣಗಿರುವಾಗ ಒಂದೆಡೆ ಮಾತ್ರ ಹಸಿರು ಹುಲ್ಲುಹಾಸಿದ್ದರೆ ಜಿಂಕೆಗಳು ಅಲ್ಲಿಗೆ ಬರುತ್ತವೆ, ಅವುಗಳ ಹಿಂದೆ ಚಿರತೆ ಬರುತ್ತದೆ. ಕಿಟಕಿಯಿಂದ ಜಿಂಕೆ ಕಂಡಿತೆಂದು ಸಂತೋಷಪಟ್ಟ ಅತಿಥಿಯೇ ಚಿರತೆ ಕಂಡಿತೆಂದು ದೂರು ಬರೆಯುತ್ತಾನೆ. ಛಾವಣಿಯ ಮಳೆನೀರನ್ನು ಹಿಡಿದಿಡುವುದು, ಸ್ನಾನದ ನೀರನ್ನು ಜೊಂಡಿನ ಮಡಿಗಳಲ್ಲಿ ತಿಳಿಗೊಳಿಸಿ ತೋಟಕ್ಕೆ ಬಿಡುವುದು, ಈಜುಕೊಳವನ್ನು ಮರೆತುಬಿಡುವುದು ಇದಕ್ಕೆ ಪರಿಹಾರ.

ನಾಲ್ಕನೆಯದು ಬೆಳಕು ಮತ್ತು ಸದ್ದು. ಕಾಡಿನ ಅರ್ಧ ಬದುಕು ಕತ್ತಲೆಯಲ್ಲಿ ನಡೆಯುತ್ತದೆ. ಮರಗಳಿಗೆ ಸುತ್ತಿದ ಬಣ್ಣದ ದೀಪ, ಮೇಲಕ್ಕೆ ಚೆಲ್ಲುವ ಬಿಳಿಯ ಪ್ರಖರ ದೀಪ ಹುಳುಗಳನ್ನು ಎಳೆದು ಕೊಲ್ಲುತ್ತವೆ. ಬಾವಲಿ, ಕಪ್ಪೆಗಳ ದಿನಚರಿಯನ್ನು ಕೆಡಿಸುತ್ತವೆ. ಗಂಡು ಹೆಣ್ಣು ಮಿಂಚುಹುಳುಗಳು ಒಂದನ್ನೊಂದು ಕಂಡುಕೊಳ್ಳುವುದೇ ತಮ್ಮ ಬೆಳಕಿನಿಂದ; ಆ ಸಂಕೇತ ದೀಪದ ಪ್ರಭೆಯಲ್ಲಿ ಕಳೆದುಹೋಗುತ್ತದೆ. ಮಳೆಗಾಲಕ್ಕೆ ಮುನ್ನ ಭಂಡಾರದರಾಕ್ಕೆ ಮಿಂಚುಹುಳು ನೋಡಲು ಹೋಗುವ ಪುಣೆಯವರ ಸಾಲುಸಾಲು ಕಾರುಗಳ ದೀಪವನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಮೊಣಕಾಲಿಗಿಂತ ಕೆಳಗೆ, ನೆಲಕ್ಕೆ ಮಾತ್ರ ಬೀಳುವಂತೆ ಮುಸುಕು ಹಾಕಿದ ಹಳದಿ ದೀಪಗಳು ಸಾಕು. ಹತ್ತು ಗಂಟೆಗೆ ಅವೂ ಆರಬೇಕು. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ 2009ರಲ್ಲಿ ನಿರ್ಬಂಧ ಹೇರಿದ್ದೂ ಇರುಳು ಕಾಡಿಗೆ ಸೇರಿದ್ದೆಂಬ ತಿಳಿವಳಿಕೆಯಿಂದಲೇ. ಹೆದ್ದಾರಿಯಲ್ಲಿ ಮೌನವಿದ್ದು, ಅದರ ಅಂಚಿನ ವಿಹಾರಧಾಮದಲ್ಲಿ ಧ್ವನಿವರ್ಧಕ ಮೊಳಗಿದರೆ ಏನು ಬಂತು?

ಐದನೆಯದು ಗಿಡಮರ. ಲಂಟಾನ ಅಥವಾ ರೋಜವಾರ ಎಂಬ ಮುಳ್ಳುಪೊದೆ ಇಂದು ಬಂಡೀಪುರದ ವಿಶಾಲ ಭಾಗವನ್ನು ಆವರಿಸಿ, ಹುಲ್ಲನ್ನು ಅಡಗಿಸಿ, ಮೇಯುವ ಪ್ರಾಣಿಗಳ ಹೊಟ್ಟೆಗೆ ಕಲ್ಲು ಹಾಕಿದೆ. ಅದು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅಲಂಕಾರಕ್ಕೆಂದು ತಂದ ಉದ್ಯಾನದ ಗಿಡ ಎಂಬುದನ್ನು ಮರೆಯಲಾಗದು. ಕಾಡಂಚಿನಲ್ಲಿ ನೆಡುವ ಪ್ರತಿ ಅಲಂಕಾರದ ಗಿಡವೂ ಇಂಥದೊಂದು ಜೂಜು. ಬದಲಿಗೆ ಅತ್ತಿ, ಬಸರಿ, ಗೋಣಿ, ಆಲಗಳನ್ನು ನೆಡಲಿ. ಬೇರೆ ಮರಗಳಲ್ಲಿ ಹಣ್ಣಿಲ್ಲದ ತಿಂಗಳುಗಳಲ್ಲೂ ಈ ಕುಲದ ಒಂದಲ್ಲ ಒಂದು ಮರದಲ್ಲಿ ಹಣ್ಣಿರುತ್ತದೆ; ಮಂಗಟ್ಟೆ, ಕುಟ್ರು, ಬಾವಲಿ, ಕೆಂಜಳಿಲುಗಳೆಲ್ಲ ಅದನ್ನು ನಂಬಿವೆ. ಒಣಗಿದ ಹಳೆಯ ಮರವನ್ನು ಕಡಿಯದಿರಲಿ. ಮಂಗಟ್ಟೆ ಹಕ್ಕಿಯ ಹೆಣ್ಣು ತನ್ನನ್ನು ತಾನೇ ಸೆರೆಯಿಟ್ಟುಕೊಂಡು ಮರಿಮಾಡುವುದು ಅಂಥ ದೊಡ್ಡ ಮರದ ಪೊಟರೆಯಲ್ಲಿ. ಕೊಡಗು ಮಲೆನಾಡುಗಳ ಕಾಫಿ ತೋಟಗಳಲ್ಲಿ ಹಳೆಯ ನೆರಳು ಮರಗಳ ಜಾಗಕ್ಕೆ ಆಸ್ಟ್ರೇಲಿಯಾದ ಸಿಲ್ವರ್ ಓಕ್ ಬಂದು ತೋಟ ನೋಡಲು ಒಪ್ಪವಾಯಿತು, ಹಕ್ಕಿಗೆ ಬರಿದಾಯಿತು. ತೋಟದ ನಡುವೆ ಅತಿಥಿಗೃಹ ನಡೆಸುವವರು ಆ ಹಳೆಯ ಮರಗಳನ್ನು ಮರಳಿ ತಂದರೆ ಅದಕ್ಕಿಂತ ದೊಡ್ಡ ಆಕರ್ಷಣೆ ಬೇರೆ ಬೇಕಾಗಿಲ್ಲ.

ಆರನೆಯದು ಎಂಜಲು. ಇದು ಕೇಳಲು ಚಿಕ್ಕದು. ಅಡುಗೆಮನೆಯ ಹಿಂದೆ ಸುರಿದ ಅನ್ನಕ್ಕೆ ಕೋತಿ, ಕಾಡುಹಂದಿ, ಬೀದಿನಾಯಿ ಬರುತ್ತವೆ. ನಾಯಿ ಜಿಂಕೆಯನ್ನು ಅಟ್ಟುತ್ತದೆ, ಕಾಡುಪ್ರಾಣಿಗಳಿಗೆ ರೋಗ ಹರಡುತ್ತದೆ, ಕೊನೆಗೆ ಚಿರತೆಯನ್ನು ಊರಿಗೆ ಕರೆಯುತ್ತದೆ. ಮುಚ್ಚಿದ ಗುಂಡಿ, ಗಟ್ಟಿ ಮುಚ್ಚಳದ ತೊಟ್ಟಿ, ನಗರಕ್ಕೇ ಹಿಂದಿರುಗುವ ಪ್ಲಾಸ್ಟಿಕ್ - ಇವು ಯಾವ ಜಾಹೀರಾತಿನಲ್ಲೂ ಬರುವುದಿಲ್ಲ. ಒಂದು ವಿಹಾರಧಾಮದ ನಿಜಸ್ಥಿತಿ ತಿಳಿಯಬೇಕಾದರೆ ಅದರ ಸ್ವಾಗತಕಕ್ಷೆಯನ್ನು ನೋಡಬೇಡಿ, ಅಡುಗೆಮನೆಯ ಹಿಂಭಾಗವನ್ನು ನೋಡಿ ಎಂದು ನಾನು ಹೇಳುವುದುಂಟು.

ಇಷ್ಟಾದರೂ ಒಂದು ಮುಖ್ಯ ಸಂಗತಿ ಉಳಿಯುತ್ತದೆ: ಅಲ್ಲಿ ಮೊದಲಿಂದಲೂ ಇರುವ ಜನ. ಮದ್ದೂರಿನ ಬಳಿಯ ಕೊಕ್ಕರೆ ಬೆಳ್ಳೂರನ್ನು ತಾವು ಬಲ್ಲಿರಿ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆ, ಆಲದ ಮರಗಳಲ್ಲಿ ಮನೆಗಳ ಮೇಲೆಯೇ ಗೂಡು ಕಟ್ಟುತ್ತವೆ. ಹಿಕ್ಕೆಯ ವಾಸನೆಯನ್ನೂ ಸದ್ದನ್ನೂ ಸಹಿಸಿಕೊಂಡು ಜನ ಅವುಗಳನ್ನು ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಜನರ ಘೋಷಣೆ ಅದಕ್ಕಿಂತ ಬಹಳ ಹಳೆಯದು. ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರಿಗೆ ಹುಲಿ ಅಭಯಾರಣ್ಯದ ಒಳಗೇ ಅರಣ್ಯ ಹಕ್ಕುಗಳು ಮಾನ್ಯವಾದವು. ಇಂಥ ಜನ ವಿಹಾರಧಾಮದಲ್ಲಿ ತಟ್ಟೆ ತೊಳೆಯುವ, ಸಂಜೆ ಬೆಂಕಿಯ ಸುತ್ತ ಕುಣಿದು ತೋರಿಸುವ ಕೆಲಸಕ್ಕೆ ಮಾತ್ರ ಸಲ್ಲುವವರಾದರೆ ಆ ವಿನ್ಯಾಸ ಸೋತಂತೆ. ಪ್ರಾಣಿ ಯಾವಾಗ ಎಲ್ಲಿ ದಾಟುತ್ತದೆಂದು ಬಲ್ಲವರು ಅವರು. ಕಟ್ಟುವ ಮುನ್ನ ಜಾಗ ಗುರುತಿಸುವುದರಲ್ಲಿ ಅವರ ಮಾತು ಇರಬೇಕು. ವರಮಾನದಲ್ಲಿ ಅವರಿಗೆ ಪಾಲಿರಬೇಕು. ಬೆಳೆನಷ್ಟವಾದ ನೆರೆಯ ರೈತನಿಗೆ ಆ ಪಾಲಿನಿಂದ ತಕ್ಷಣ ಪರಿಹಾರ ಸಿಗಬೇಕು.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಕಾಫಿಯ ಬೆಲೆ ಕುಸಿದಾಗ ಬೆಳೆಗಾರ ಏನು ಮಾಡಬೇಕು, ಅತಿಥಿಗಳಿಂದ ನಾಲ್ಕು ಕಾಸು ಬಂದರೆ ತಪ್ಪೇ ಎಂದು ಕೇಳುವವರಿದ್ದಾರೆ. ಖಂಡಿತ ತಪ್ಪಲ್ಲ. ತನ್ನ ಹಳೆಯ ಮನೆಯ ನಾಲ್ಕು ಕೋಣೆಗಳನ್ನು ಅತಿಥಿಗಳಿಗೆ ಕೊಟ್ಟು, ತೋಟವನ್ನು ತೋಟವಾಗಿಯೇ ಉಳಿಸಿಕೊಂಡ ಬೆಳೆಗಾರ ಕಾಡಿನ ಮಿತ್ರ. ಅವನು ಸೋತು ತೋಟವನ್ನು ಮಾರಿದರೆ ಅದು ಮೂವತ್ತು ನಿವೇಶನಗಳಾಗುತ್ತದೆ. ಆದ್ದರಿಂದ ಅವನ ಮನೆಯ ಆತಿಥ್ಯವನ್ನೂ ಹೊಸದಾಗಿ ಬೆಟ್ಟ ಕಡಿದು ಕಟ್ಟುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ನಿಯಮ ಸರಿಯಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದದ್ದನ್ನೂ, 2024ರ ಜುಲೈ 30ರಂದು ವಯನಾಡಿನ ಚೂರಲ್‌ಮಲ, ಮುಂಡಕ್ಕೈಗಳು ಮಣ್ಣುಪಾಲಾದದ್ದನ್ನೂ ಕಂಡ ಮೇಲೆ, ಇಳಿಜಾರನ್ನು ಕಡಿಯುವುದು ಪ್ರಾಣಿಗಳ ಪ್ರಶ್ನೆ ಮಾತ್ರವಲ್ಲವೆಂದು ಯಾರಿಗಾದರೂ ತಿಳಿಯುತ್ತದೆ.

ನನ್ನ ಜಮೀನು, ನನ್ನ ಹಕ್ಕು ಎನ್ನುವವರೂ ಉಂಟು. ಹಕ್ಕು ನಿಜ. ಆದರೆ ತನ್ನ ಗದ್ದೆಯ ಮೂಲಕ ಹರಿಯುವ ಕಾಲುವೆಯನ್ನು ಮುಚ್ಚುವ ಹಕ್ಕು ಯಾವ ರೈತನಿಗೂ ಇಲ್ಲ. ಕೆಳಗಿನ ಗದ್ದೆಯವನಿಗೆ ನೀರು ಹೋಗಲೇಬೇಕು. ಪ್ರಾಣಿಗಳ ಹಾದಿಯೂ ಒಂದು ಕಾಲುವೆಯೇ. ಅದಕ್ಕಾಗಿ ತನ್ನ ನೆಲವನ್ನು ಬಿಟ್ಟುಕೊಡುವವನಿಗೆ ಸಮಾಜ ನ್ಯಾಯವಾದ ಬೆಲೆ ಕೊಡಬೇಕೆಂಬುದೂ ಅಷ್ಟೇ ನಿಜ. ಬರಿಯ ನಿಷೇಧದಿಂದ ಕೆಲಸವಾಗದು. ಪಶ್ಚಿಮಘಟ್ಟದ ಬಗ್ಗೆ 2011ರ ಗಾಡ್ಗೀಳ್ ಸಮಿತಿಯ ವರದಿಯೂ 2013ರ ಕಸ್ತೂರಿರಂಗನ್ ಸಮಿತಿಯ ವರದಿಯೂ ಊರೂರುಗಳಲ್ಲಿ ಎದುರಿಸಿದ ವಿರೋಧಕ್ಕೆ ಮುಖ್ಯ ಕಾರಣ, ಏನು ಕೂಡದು ಎಂಬ ಪಟ್ಟಿ ಜನರಿಗೆ ಮೊದಲು ತಲುಪಿ, ಏನು ಸಿಕ್ಕೀತು ಎಂಬುದು ತಲುಪದೇ ಹೋದದ್ದು ಎಂದು ನನ್ನ ನಮ್ರ ಅಭಿಪ್ರಾಯ.

ಕಾಡು ಉಳಿದಿಲ್ಲ ಎಂದು ನಿರಾಶರಾಗಬೇಕಾದ ಕಾರಣವೂ ಇಲ್ಲ. 2023ರ ಅಂದಾಜಿನಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ. 2022ರ ಗಣತಿಯಂತೆ 563 ಹುಲಿಗಳಿವೆ. ಇಷ್ಟು ದೊಡ್ಡ ಸಂಪತ್ತನ್ನು ನಮ್ಮ ಜನ ಬಡತನದ ನಡುವೆ ಉಳಿಸಿಕೊಂಡು ಬಂದಿದ್ದಾರೆ. ಅನುಕೂಲಸ್ಥರಾದ ನಾವು ಅದನ್ನು ನೋಡುವ ಆಸೆಯಿಂದಲೇ ಕಳೆಯಬಾರದು.

ನೋಡುವುದೆಂದರೆ ಹುಲಿಯನ್ನು ಮಾತ್ರ ನೋಡುವುದೂ ಆಗಬಾರದು. ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಪ್ರಕಟಿಸಿದ 'ಕರ್ವಾಲೊ' ಕಾದಂಬರಿಯಲ್ಲಿ ವಿಜ್ಞಾನಿಯೂ ಹಳ್ಳಿಗರೂ ಕೂಡಿ ಮಲೆನಾಡಿನ ಕಾಡಿನಲ್ಲಿ ಅರಸುವುದು ಒಂದು ಹಾರುವ ಓತಿಯನ್ನು. ಹುಲಿ ಕಾಣಲಿಲ್ಲವೆಂದು ಹಣ ಹಿಂದಿರುಗಿಸಲು ಕೇಳುವ ಅತಿಥಿಗಾಗಿ ಕಟ್ಟಿದ ವಿಹಾರಧಾಮ ಬೇರೆ, ಓತಿಯನ್ನು ಕಂಡು ಬೆರಗಾಗಬಲ್ಲ ಅತಿಥಿಗಾಗಿ ಕಟ್ಟಿದ ವಿಹಾರಧಾಮ ಬೇರೆ. ಎರಡನೆಯದಕ್ಕೆ ವೇಗದ ಜೀಪು ಬೇಡ, ನಡೆಯಲು ಒಂದು ಕಾಲುದಾರಿ, ಕೂರಲು ಒಂದು ಕಲ್ಲು, ಹೆಸರು ಹೇಳಿ ತೋರಿಸುವ ಒಬ್ಬ ಹಳ್ಳಿಯ ಹುಡುಗ ಸಾಕು.

ಆದ್ದರಿಂದ ಸಂಘದ ಸದಸ್ಯರಲ್ಲಿ ಕೆಲವು ಬಿನ್ನಹಗಳು. ರಜೆಗೆ ಕೋಣೆ ಕಾದಿರಿಸುವ ಮುನ್ನ ನಾಲ್ಕು ಪ್ರಶ್ನೆ ಕೇಳೋಣ: ಬೇಲಿ ಎಲ್ಲಿದೆ, ನೀರು ಎಲ್ಲಿಂದ, ರಾತ್ರಿ ದೀಪ ಎಷ್ಟು ಹೊತ್ತಿಗೆ ಆರುತ್ತದೆ, ಕೆಲಸಗಾರರಲ್ಲಿ ಆ ಊರಿನವರೆಷ್ಟು. ಉತ್ತರ ಸಿಗದಿದ್ದರೂ ಚಿಂತೆಯಿಲ್ಲ; ಹತ್ತು ಮಂದಿ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ಸಿದ್ಧವಾಗುತ್ತದೆ. ನೆಲ ಕೊಳ್ಳಲು ಹೊರಟವರು ಮಳೆಗಾಲದಲ್ಲೊಮ್ಮೆ ಬೇಸಿಗೆಯಲ್ಲೊಮ್ಮೆ ಅಲ್ಲಿಗೆ ಹೋಗಿ, ದಲ್ಲಾಳಿಯನ್ನು ಬಿಟ್ಟು ದನ ಕಾಯುವವನನ್ನು ಮಾತಾಡಿಸಲಿ. ಪರಿಸರ ಸೂಕ್ಷ್ಮ ವಲಯದ ಅಧಿಸೂಚನೆಗಳು ಸಾರ್ವಜನಿಕ ದಾಖಲೆಗಳು. ಬಂಡೀಪುರದ್ದು 2012ರಿಂದಲೇ ಇದೆ. ಸರ್ವೆ ನಂಬರು ಹಿಡಿದು ಅವುಗಳನ್ನು ಓದಲು ತಿಳಿಯದವರಿಗೆ ನೆರವಾಗಲು ನಮ್ಮಲ್ಲಿ ನಿವೃತ್ತ ಇಂಜಿನಿಯರುಗಳಿದ್ದಾರೆ, ವಕೀಲರಿದ್ದಾರೆ, ನನ್ನಂಥ ಕಡತ ಓದುವವರೂ ಇದ್ದಾರೆ. ಸಂಘವು ತಿಂಗಳಿಗೊಂದು ಭಾನುವಾರ ಇದಕ್ಕೆ ಜಾಗ ಕೊಟ್ಟರೆ ಬರಲು ನಾನು ಸಿದ್ಧ.

ಈಗಾಗಲೇ ಕೊಂಡವರಿಗೂ ಒಂದು ಮಾತು. ತಾವು ಕೊಂಡ ನೆಲದ ಕಾಡಿನ ಮಗ್ಗುಲಿನ ಬೇಲಿಯನ್ನು ತೆಗೆಯಿರಿ. ಅಲ್ಲಿ ಎರಡು ಅತ್ತಿ, ಎರಡು ಬಸರಿ ಗಿಡ ನೆಡಿ. ಮನೆಯನ್ನು ಎಷ್ಟು ಚಿಕ್ಕದಾಗಿ ಕಟ್ಟಲು ಸಾಧ್ಯವೋ ಅಷ್ಟು ಚಿಕ್ಕದಾಗಿ ಕಟ್ಟಿ. ತಾವು ವರ್ಷಕ್ಕೆ ಹದಿನೈದು ದಿನ ಅಲ್ಲಿರುತ್ತೀರಿ; ಉಳಿದ ಮುನ್ನೂರೈವತ್ತು ದಿನ ಆ ನೆಲ ಯಾರದಾಗಿರಬೇಕೆಂದು ನಿರ್ಧರಿಸುವ ಅಧಿಕಾರ ತಮ್ಮ ಕೈಯಲ್ಲಿದೆ.